ಶನಿವಾರ ಸಂಜೆ ಹಾಲ್ ಯಾರಿಗೆ? ಕಲಾಮಂದಿರ ಮತ್ತು ಕಂಪನಿ ಮೀಟಿಂಗ್‌ಗಳ ಹಳೇ ಲೆಕ್ಕ



ಇವತ್ತು ಒಂದು ಸುಲಭದ ಪ್ರಶ್ನೆಯಿಂದ ಶುರು ಮಾಡ್ತೀನಿ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಒಳಗೆ ನೀವು ಮೊದಲ ಸಲ ಹೋಗಿದ್ದು ಯಾಕೆ? ಪಿಟೀಲು ಕೇಳೋಕಾ? ನನ್ನ ಸ್ನೇಹಿತರ ವಾಟ್ಸಾಪ್ ಗ್ರೂಪಲ್ಲಿ ಇದನ್ನೇ ಕೇಳಿದೆ. ಒಬ್ಬರು ಸ್ಕೂಲ್ ಡೇ ಅಂದ್ರು. ಇನ್ನೊಬ್ಬರು ಕಾಲೇಜಿನ ಪದವಿ ಪ್ರದಾನ ಅಂದ್ರು. ಮೂವರು ಆಫೀಸ್ ಕಾರ್ಯಕ್ರಮ ಅಂದ್ರು. ಸಂಗೀತ ಕಚೇರಿ ಅಂದಿದ್ದು ಒಬ್ಬಳೇ, ಅದೂ ಅಜ್ಜಿ ಬಲವಂತ ಮಾಡಿ ಕರ್ಕೊಂಡು ಹೋಗಿದ್ದಂತೆ.

ನಾನು ವಾರವಿಡೀ ಆಫೀಸಲ್ಲಿ ದುಡಿಯೋನು. ಶನಿವಾರ, ಭಾನುವಾರ ಒಂದು ಹವ್ಯಾಸಿ ನಾಟಕ ತಂಡದಲ್ಲಿ ಬೆಳಕಿನ ಕೆಲಸ ಮಾಡ್ತೀನಿ. ಹಾಗಾಗಿ ಕಲಾಮಂದಿರಗಳನ್ನ ಎರಡೂ ಕಡೆಯಿಂದ ನೋಡಿದೀನಿ. ಕೊರಳಲ್ಲಿ ಐಡಿ ಕಾರ್ಡ್ ಹಾಕ್ಕೊಂಡು ಸೀಟಲ್ಲಿ ಕೂತು ಪಿಪಿಟಿ ನೋಡಿದೀನಿ, ಏಣಿ ಹತ್ತಿ ಲೈಟೂ ಕಟ್ಟಿದೀನಿ.

ನಮ್ಮ ನಾಟಕದವರ ನಡುವೆ ಒಂದು ಮಾತು ಆಗಾಗ ಬರುತ್ತೆ. "ಮೊದಲೆಲ್ಲ ಹಾಲ್‌ಗಳು ಕಲೆಗೇ ಮೀಸಲಾಗಿದ್ವು, ಕಂಪನಿಗಳು ಬಂದ್ಮೇಲೆ ಎಲ್ಲ ಕೆಟ್ಟೋಯ್ತು." ಈ ಮಾತು ನಿಜಾನಾ ಅಂತ ನೋಡೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಇತಿಹಾಸ ಬೇರೆಯದೇ ಕಥೆ ಹೇಳುತ್ತೆ. ವ್ಯಾಪಾರ ಮತ್ತು ಕಲೆ ಒಂದೇ ಸೂರಿನಡಿ ಇದ್ದಿದ್ದು ಹೊಸದೇನಲ್ಲ. ಜಗಳ ಇರೋದು ಬೇರೆ ಕಡೆ: ಯಾವ ದಿನ ಯಾರಿಗೆ ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ?

ಬಟ್ಟೆ ವ್ಯಾಪಾರಿಗಳ ಮನೆಯಲ್ಲಿ ಸಂಗೀತ

ಮೊದಲು ಜರ್ಮನಿಯ ಲೈಪ್‌ಜಿಗ್‌ಗೆ ಹೋಗೋಣ. ಯಾಕಂದ್ರೆ ಈ ಕಥೆ ಅಲ್ಲಿ ತುಂಬಾ ಸ್ಪಷ್ಟವಾಗಿ ಕಾಣುತ್ತೆ. ಲೈಪ್‌ಜಿಗ್ ಸಂತೆಗಳ ಊರು, ವ್ಯಾಪಾರದ ಊರು. 1743ರಲ್ಲಿ ಅಲ್ಲಿನ 16 ಜನ ಅನುಕೂಲಸ್ಥರು ಸೇರಿ 16 ಜನ ವಾದ್ಯಗಾರರ ಒಂದು ತಂಡ ಕಟ್ಟಿದ್ರು. ಆ ಸಂಗೀತಗಾರರಿಗೆ ತಮ್ಮದೇ ಅಂತ ಜಾಗ ಇರಲಿಲ್ಲ. 'ಮೂರು ಹಂಸಗಳು' ಅನ್ನೋ ಹೆಸರಿನ ಒಂದು ಛತ್ರದಂಥ ಹೋಟೆಲಲ್ಲಿ ನುಡಿಸ್ತಿದ್ರು. 1781ರಲ್ಲಿ ಅವರಿಗೊಂದು ಸಭಾಂಗಣ ಸಿಕ್ತು. ಎಲ್ಲಿ ಗೊತ್ತಾ? ಬಟ್ಟೆ ವ್ಯಾಪಾರಿಗಳು ಸರಕು ಇಟ್ಟು ಮಾರೋ ಕಟ್ಟಡದ ಮೇಲಂತಸ್ತಲ್ಲಿ. ಆ ಕಟ್ಟಡದ ಹೆಸರು ಗೆವಾಂಡ್‌ಹೌಸ್, ಅಂದ್ರೆ ಬಟ್ಟೆ ಮನೆ. ಇವತ್ತು ಜಗತ್ತಿನ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಒಂದಾಗಿರೋ ಆ ತಂಡದ ಹೆಸರು ಈಗಲೂ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ.

ಅಂದ್ರೆ ಅಲ್ಲಿ ವ್ಯಾಪಾರ ಬಂದು ಕಲೆಯ ಮನೆಯಲ್ಲಿ ಬಾಡಿಗೆಗೆ ಕೂರಲಿಲ್ಲ. ಕಲೆಯೇ ವ್ಯಾಪಾರದ ಮನೆಗೆ ಬಾಡಿಗೆಗೆ ಹೋಗಿತ್ತು.

ಅರಮನೆಯೊಳಗಿನ ಸಭಾಂಗಣ

ಈಗ ನಮ್ಮೂರಿಗೆ ಬರೋಣ. ಮೈಸೂರಿನ ಜಗನ್ಮೋಹನ ಅರಮನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ್ದು. ಈಗ ಅಲ್ಲಿರೋದು ಕಲಾ ಗ್ಯಾಲರಿ ಅಂತ ನಮಗೆಲ್ಲ ಗೊತ್ತು. ಆದ್ರೆ ಆ ಜಾಗದಲ್ಲಿ ಏನೇನು ನಡೆದಿದೆ ನೋಡಿ. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮದುವೆ. 1907ರಲ್ಲಿ ಮೈಸೂರು ಸಂಸ್ಥಾನದ ವಿಧಾನ ಪರಿಷತ್ತಿನ ಮೊದಲ ಅಧಿವೇಶನ. 1915ರಿಂದ ಕಲಾ ಗ್ಯಾಲರಿ. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಮೊದಮೊದಲ ಘಟಿಕೋತ್ಸವಗಳು. ಜತೆಗೆ ದಸರಾ ಸಂಗೀತ. ಮದುವೆ, ಶಾಸನಸಭೆ, ಚಿತ್ರಕಲೆ, ಪದವಿ ಪ್ರದಾನ, ಕಚೇರಿ, ಎಲ್ಲಾನೂ ಒಂದೇ ಕಟ್ಟಡ ನೋಡಿದೆ.

ಅಲ್ಲಿ ದಿನಾಂಕದ ಜಗಳ ಇರಲಿಲ್ಲ. ಯಾಕಂದ್ರೆ ತೀರ್ಮಾನ ಮಾಡೋರು ಒಬ್ಬರೇ, ಅರಮನೆಯವರು. ಕಲಾವಿದರಿಗೆ ಆಶ್ರಯ ಕೊಡೋರೂ ಅವರೇ, ಬೇರೆ ಕೆಲಸಕ್ಕೆ ಹಾಲ್ ಬಿಟ್ಟುಕೊಡೋರೂ ಅವರೇ.

'ಕಂಪನಿ' ಅನ್ನೋ ಪದ

ಇಲ್ಲಿ ಒಂದು ಮಜಾ ಇದೆ. ನಮ್ಮಜ್ಜನ ಕಾಲದವರ ಹತ್ರ "ಊರಿಗೆ ಕಂಪನಿ ಬಂದಿದೆ" ಅಂದಿದ್ರೆ ಅವರು ಸಾಫ್ಟ್‌ವೇರ್ ಅಂತ ಅಂದ್ಕೊಳ್ತಿರಲಿಲ್ಲ. ನಾಟಕದ ಟೆಂಟ್ ಬಿದ್ದಿದೆ ಅಂತ ಖುಷಿಪಡ್ತಿದ್ರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ಆಮೇಲೆ ಅದನ್ನ ದೊಡ್ಡದು ಮಾಡಿದ ಗುಬ್ಬಿ ವೀರಣ್ಣ, ಇವರೆಲ್ಲ ನಾಟಕವನ್ನ ಉದ್ಯಮವಾಗಿಯೇ ನಡೆಸಿದೋರು. ಟಿಕೆಟ್ ಮಾರಿ ನಟರಿಗೆ ಸಂಬಳ ಕೊಡ್ಬೇಕು, ಪರದೆ ಬರೆಸ್ಬೇಕು, ನೂರಾರು ಜನಕ್ಕೆ ಊಟ ಹಾಕ್ಬೇಕು. ತಮ್ಮದೇ ಟೆಂಟು, ತಮ್ಮದೇ ಥಿಯೇಟರು. ಹಾಗಾಗಿ ಯಾವ ದಿನ ಆಟ ಅನ್ನೋದನ್ನ ಅವರೇ ತೀರ್ಮಾನ ಮಾಡ್ತಿದ್ರು.

ಹವ್ಯಾಸಿ ತಂಡಗಳು ಬಂದ್ಮೇಲೆ ಪರಿಸ್ಥಿತಿ ಬದಲಾಯ್ತು. ಹಗಲು ಬ್ಯಾಂಕಲ್ಲೋ, ಕಾಲೇಜಲ್ಲೋ ಕೆಲಸ ಮಾಡಿ ಸಂಜೆ ರಿಹರ್ಸಲ್ ಮಾಡೋರು ಸ್ವಂತ ಥಿಯೇಟರ್ ಕಟ್ಟೋಕಾಗುತ್ತಾ? ಬಾಡಿಗೆ ಹಾಲ್ ಬೇಕೇ ಬೇಕು. ಬಾಡಿಗೆ ಅಂದ ತಕ್ಷಣ ಸರದಿ ಬಂತು. ಸರದಿ ಅಂದ್ಮೇಲೆ ಮುಂದೆ ಯಾರು, ಹಿಂದೆ ಯಾರು ಅನ್ನೋದೂ ಬಂತು.

ಟೌನ್ ಹಾಲ್ ಅಂದ್ರೆ ಎರಡು

ಆಫೀಸಲ್ಲಿ "ನಾಳೆ ಟೌನ್‌ಹಾಲ್ ಇದೆ" ಅಂದ್ರೆ ಏನರ್ಥ? ಎಲ್ಲರೂ ಒಂದು ಕಡೆ ಸೇರ್ಬೇಕು, ಮೇಲಿನವರು ಮಾತಾಡ್ತಾರೆ, ಕೊನೆಗೆ ಐದು ನಿಮಿಷ ಪ್ರಶ್ನೆ. ಈ ಪದ ಬಂದಿದ್ದು ಊರಿನ ಜನ ಸೇರೋ ಪುರಭವನದಿಂದ. ಬೆಂಗಳೂರಿನ ಪುರಭವನಕ್ಕೆ 1933ರಲ್ಲಿ ಅಡಿಗಲ್ಲು ಬಿತ್ತು, 1935ರಲ್ಲಿ ಉದ್ಘಾಟನೆ ಆಯ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. ನಗರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರ ಹೆಸರನ್ನ ಅದಕ್ಕಿಟ್ರು.

ಇದು ಕಲೆಗೆ ಮಾತ್ರ ಅಂತ ಕಟ್ಟಿದ ಕಟ್ಟಡ ಅಲ್ಲ. ಹೆಸರೇ ಹೇಳೋ ಹಾಗೆ ಪುರದ ಭವನ. ನಾಟಕ, ಸನ್ಮಾನ, ಸಂಘಗಳ ವಾರ್ಷಿಕ ಸಭೆ, ರಾಜಕೀಯ ಭಾಷಣ ಎಲ್ಲಕ್ಕೂ ಅದೇ ವೇದಿಕೆ. ಎದುರಿನ ಮೆಟ್ಟಿಲುಗಳಂತೂ ಪ್ರತಿಭಟನೆಗಳಿಂದಲೇ ಹೆಸರುವಾಸಿಯಾದ್ವು. ವ್ಯಾಪಾರಸ್ಥರಿಗೆ ಇಷ್ಟು ಹೊತ್ತಿಗಾಗಲೇ ತಮ್ಮದೇ ಸಂಘಟನೆ ಇತ್ತು. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1916ರಲ್ಲಿ ಶುರುವಾದ ಮೈಸೂರು ವಾಣಿಜ್ಯ ಮಂಡಳಿಯೇ ಇವತ್ತಿನ ಎಫ್‌ಕೆಸಿಸಿಐ. ಆದ್ರೆ ಸಾವಿರದ ಹತ್ತಿರ ಜನ ಸೇರೋ ದೊಡ್ಡ ಸಭೆ ಅಂದ್ರೆ ಊರಿನ ಹಾಲೇ ಬೇಕು. ಈ ಮಾತು ಇವತ್ತಿಗೂ ಹಾಗೇ ಇದೆ.

ಕಲಾಕ್ಷೇತ್ರ: ಪೈಪೋಟಿ ಯಾರ ಜತೆ?

ಪುರಭವನದಿಂದ ಜೆ.ಸಿ. ರಸ್ತೆಯಲ್ಲಿ ಸ್ವಲ್ಪ ನಡೆದ್ರೆ ರವೀಂದ್ರ ಕಲಾಕ್ಷೇತ್ರ. 1961ಕ್ಕೆ ರವೀಂದ್ರನಾಥ ಟ್ಯಾಗೋರ್ ಹುಟ್ಟಿ ನೂರು ವರ್ಷ ಆಯ್ತು. ಆ ನೆನಪಿಗೆ ದೇಶದ ಬೇರೆಬೇರೆ ರಾಜ್ಯಗಳ ರಾಜಧಾನಿಗಳಲ್ಲಿ ರಂಗಮಂದಿರಗಳು ಎದ್ವು. ನಮ್ಮ ಕಲಾಕ್ಷೇತ್ರ 1963ರಲ್ಲಿ ಬಾಗಿಲು ತೆಗೀತು. ಸರ್ಕಾರದ ದುಡ್ಡು, ಕಲೆಗಾಗಿ ಅಂತಲೇ ಕಟ್ಟಿದ ಕಟ್ಟಡ, ಸಣ್ಣ ತಂಡಗಳ ಕೈಗೆಟುಕೋ ಬಾಡಿಗೆ. ಕನ್ನಡದ ಹವ್ಯಾಸಿ ರಂಗಭೂಮಿಗೆ ಇದು ಎಷ್ಟು ದೊಡ್ಡ ಬಲ ಅನ್ನೋದಕ್ಕೆ 1972ರ ಒಂದು ಉದಾಹರಣೆ ಸಾಕು. ಬಿ.ವಿ. ಕಾರಂತರು ಇದೇ ಕಲಾಕ್ಷೇತ್ರದ ಆವರಣದ ಬಯಲಲ್ಲಿ ಮೂರು ನಾಟಕ ಆಡಿಸಿದ್ರು: ಕಂಬಾರರ 'ಜೋಕುಮಾರಸ್ವಾಮಿ', ಲಂಕೇಶರ 'ಸಂಕ್ರಾಂತಿ' ಮತ್ತು ಲಂಕೇಶರೇ ಕನ್ನಡಕ್ಕೆ ತಂದ 'ಈಡಿಪಸ್'. ಕನ್ನಡ ರಂಗಭೂಮಿಯ ದಿಕ್ಕು ಬದಲಾಯಿಸಿದ ಪ್ರಯೋಗಗಳು ಅಂತ ಅದನ್ನ ಇವತ್ತಿಗೂ ನೆನೀತಾರೆ. ಕಲಾಕ್ಷೇತ್ರದ ಹಿಂದಿನ ಬಯಲು ರಂಗಮಂದಿರಕ್ಕೆ ಈಗ ನಾಟಕಕಾರ ಸಂಸರ ಹೆಸರಿದೆ.

ಹಾಗಾದ್ರೆ ಇಲ್ಲಿ ದಿನಾಂಕದ ಪೈಪೋಟಿ ಇಲ್ವಾ? ಇದೆ. ಆದ್ರೆ ಇಲ್ಲಿ ನಾಟಕದವರ ಎದುರು ಇರೋದು ಖಾಸಗಿ ಕಂಪನಿ ಅಲ್ಲ, ಸರ್ಕಾರದ್ದೇ ಜಯಂತಿಗಳು, ಪ್ರಶಸ್ತಿ ಪ್ರದಾನಗಳು. ಕಟ್ಟಡ ಸರ್ಕಾರದ್ದೇ ಆದಾಗ ಸರ್ಕಾರಿ ಕಾರ್ಯಕ್ರಮಕ್ಕೆ ಮೊದಲ ಮಣೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಎಲ್ಲದಕ್ಕೂ ಕಾರ್ಪೊರೇಟ್‌ನವರನ್ನ ಬೈದ್ರೆ ಅರ್ಧ ಸತ್ಯ ತಪ್ಪಿ ಹೋಗುತ್ತೆ.

ಏಳು ತಂತಿಯ ಪಿಟೀಲು

ಈಗ ಮತ್ತೆ ಚೌಡಯ್ಯ ಭವನಕ್ಕೆ ಬರೋಣ. ಟಿ. ಚೌಡಯ್ಯನವರು ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಕಟ್ಟಿದೋರು. ಯಾಕೆ? ಮೈಕ್ ಇಲ್ಲದ ಕಾಲ. ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿನವರಿಗೂ ನಾದ ಕೇಳ್ಬೇಕಿತ್ತು. 1967ರಲ್ಲಿ ಅವರು ತೀರಿಕೊಂಡ್ರು. ಕೆ.ಕೆ. ಮೂರ್ತಿಯವರ ಅಕಾಡೆಮಿ ಆಫ್ ಮ್ಯೂಸಿಕ್ ಅವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಒಂದು ಭವನ ಕಟ್ಟಿತು. 1980ರಲ್ಲಿ ಅದು ಶುರುವಾಯ್ತು. ಸಾವಿರಕ್ಕೂ ಹೆಚ್ಚು ಜನ ಕೂರಬಹುದು.

ಸರ್ಕಾರಿ ಇಲಾಖೆಯ ಕೈಯಲ್ಲಿಲ್ಲದ ಇಂಥ ದೊಡ್ಡ ಭವನಕ್ಕೆ ಕರೆಂಟ್ ಬಿಲ್ ಕಟ್ಟೋರು ಯಾರು? ಎಸಿ ರಿಪೇರಿ, ಕುರ್ಚಿ ರಿಪೇರಿ, ಸಿಬ್ಬಂದಿ ಸಂಬಳ? ಶಾಸ್ತ್ರೀಯ ಸಂಗೀತದ ಟಿಕೆಟ್‌ನಿಂದ ಅಷ್ಟು ಬರಲ್ಲ. ಹಾಗಾಗಿ ಬಾಡಿಗೆ ಬೇಕು. ಜಾಸ್ತಿ ಬಾಡಿಗೆ ಕೊಡೋ ಶಕ್ತಿ ಇರೋದು ಕಂಪನಿಗಳಿಗೆ, ಶಾಲೆ ಕಾಲೇಜುಗಳಿಗೆ. ಅವರಿಗೂ ಇಂಥ ಜಾಗ ಇಷ್ಟ. ಹೋಟೆಲಿನ ಬಾಂಕ್ವೆಟ್ ಹಾಲ್‌ನಲ್ಲಿ ನೆಲ ಸಮತಟ್ಟು, ಹಿಂದೆ ಕೂತೋರಿಗೆ ಮುಂದಿನವರ ತಲೆಯೇ ಕಾಣೋದು. ಇಲ್ಲಿ ಇಳಿಜಾರಿನ ಸೀಟು, ಸರಿಯಾದ ವೇದಿಕೆ, ಗ್ರೀನ್ ರೂಮ್ ಎಲ್ಲ ಇದೆ. ಇಬ್ಬರಿಗೂ ಲಾಭ ಇರೋ ವ್ಯವಹಾರ ಇದು. ಇದರಲ್ಲಿ ತಪ್ಪು ಹುಡುಕೋಕೆ ನಾನು ಹೋಗಲ್ಲ.

ಒಂದು ದಿನ ಎರಡು ಕೆಲಸ ಆಗುತ್ತಾ?

ಕಷ್ಟ ಎಲ್ಲಿ ಬರುತ್ತೆ ಅಂತ ಗೊತ್ತಾಗ್ಬೇಕಾದ್ರೆ ಒಂದು ದಿನದ ಲೆಕ್ಕ ನೋಡ್ಬೇಕು. ಸಂಜೆ ಏಳಕ್ಕೆ ನಾಟಕ ಅಂದ್ರೆ ನಮ್ಮ ಕೆಲಸ ಬೆಳಗ್ಗೆಯೇ ಶುರು. ಟೆಂಪೋದಿಂದ ಸೆಟ್ ಇಳಿಸ್ಬೇಕು, ಜೋಡಿಸ್ಬೇಕು. ಲೈಟು ಕಟ್ಟಬೇಕು, ಒಂದೊಂದನ್ನೂ ನಟ ನಿಲ್ಲೋ ಜಾಗಕ್ಕೆ ತಿರುಗಿಸ್ಬೇಕು. ಆಮೇಲೆ ಲೈಟು, ಸೌಂಡು ಎರಡೂ ಸೇರಿಸಿ ಒಂದು ತಾಂತ್ರಿಕ ರಿಹರ್ಸಲ್. ಇಷ್ಟಕ್ಕೆ ಆರೇಳು ಗಂಟೆ ಬೇಕೇ ಬೇಕು.

ಕಂಪನಿ ಕಾರ್ಯಕ್ರಮಕ್ಕೂ ತಯಾರಿ ಕಮ್ಮಿ ಇಲ್ಲ. ಹಿಂದಿನ ರಾತ್ರಿಯೇ ಎಲ್‌ಇಡಿ ಗೋಡೆ ಬರುತ್ತೆ, ಬ್ಯಾಕ್‌ಡ್ರಾಪ್ ಬರುತ್ತೆ. ಬೆಳಗ್ಗೆ ಎಂಟಕ್ಕೆ ಬಾಗಿಲಲ್ಲಿ ನೋಂದಣಿ, ಹೊರಗಡೆ ಕಾಫಿ, ಮಧ್ಯಾಹ್ನ ಬಫೆ. ಐದಕ್ಕೆ ಮುಗೀತು ಅಂದ್ರೂ ಎಲ್ಲ ಬಿಚ್ಚಿ ಸಾಗಿಸೋ ಹೊತ್ತಿಗೆ ಏಳು. ಅಂದ್ರೆ ಬೆಳಗ್ಗೆ ಮೀಟಿಂಗ್, ಸಂಜೆ ನಾಟಕ ಅನ್ನೋದು ಹೇಳೋಕೆ ಸುಲಭ, ಮಾಡೋಕಾಗಲ್ಲ. ಒಂದು ದಿನ ಅಂದ್ರೆ ಒಬ್ಬರಿಗೇ.

ಆದ್ರೆ ವಾರ ಅಂತ ತಗೊಂಡ್ರೆ ಲೆಕ್ಕ ಸುಲಭ. ಕಂಪನಿ ಮೀಟಿಂಗ್‌ಗಳಿಗೆ ಬೇಕಾಗೋದು ಮಂಗಳವಾರ, ಬುಧವಾರ, ಗುರುವಾರದ ಹಗಲು. ಶನಿವಾರ ಮೀಟಿಂಗ್ ಅಂದ್ರೆ ನಮ್ಮ ಆಫೀಸಲ್ಲಿ ಯಾರೂ ಬರಲ್ಲ. ನಾಟಕಕ್ಕೆ ಬೇಕಾಗೋದು ಶನಿವಾರ, ಭಾನುವಾರದ ಸಂಜೆ. ಹೊಂದಾಣಿಕೆ ತಾನೇ ತಾನಾಗಿ ಆಗ್ಬೇಕು. ಆಗದೇ ಇರೋದು ಪ್ರಶಸ್ತಿ ಸಮಾರಂಭ, ಕುಟುಂಬದವರನ್ನೂ ಕರೆಯೋ ಆನ್ಯುಯಲ್ ಡೇ, ಡೀಲರ್‌ಗಳ ಸಮ್ಮೇಳನ ಇಂಥವು ವಾರಾಂತ್ಯಕ್ಕೆ ಬಂದಾಗ.

ನಮ್ಮ ತಂಡಕ್ಕೆ ಇದು ಆಗಿದೆ. ಹಾಲ್‌ನ ಹೆಸರು ಹೇಳಲ್ಲ. ಶನಿವಾರದ ದಿನ ಬುಕ್ ಆಗಿತ್ತು, ಮುಂಗಡ ಕಟ್ಟಿದ್ವಿ, ಪೋಸ್ಟರ್ ಹಾಕಿದ್ವಿ. ಮೂರು ವಾರ ಇದ್ದಾಗ ಫೋನ್ ಬಂತು: "ಒಂದು ದೊಡ್ಡ ಕಾರ್ಯಕ್ರಮ ಬಂದಿದೆ ಸರ್, ನಿಮಗೆ ಬುಧವಾರ ಕೊಡ್ತೀವಿ." ದುಡ್ಡು ವಾಪಸ್ ಕೊಟ್ರು, ಅದರಲ್ಲಿ ಮೋಸ ಇಲ್ಲ. ಆದ್ರೆ ನಮ್ಮ ನಾಯಕಿ ಪಾತ್ರದವಳು ಆಸ್ಪತ್ರೆಯಲ್ಲಿ ನರ್ಸ್, ಬುಧವಾರ ಅವಳಿಗೆ ಡ್ಯೂಟಿ. ನಾಲ್ಕು ತಿಂಗಳ ರಿಹರ್ಸಲ್ ಆದ ನಾಟಕ ಆ ಸಲ ಆಡಲೇ ಇಲ್ಲ. ಕಂಪನಿಗೆ ಹಾಲ್ ಸಿಗದಿದ್ರೆ ಇನ್ನೊಂದು ಹೋಟೆಲ್ ಇದೆ. ನಮಗೆ ಇನ್ನೊಂದು ಜಾಗ ಇರಲಿಲ್ಲ. ಆ ಫೋನ್ ಮಾಡಿದವರನ್ನ ಬೈದು ಪ್ರಯೋಜನವೂ ಇರಲಿಲ್ಲ. ಬುಕಿಂಗ್ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು: ದಿನಾಂಕ ಬದಲಿಸೋ ಹಕ್ಕು ಆಡಳಿತ ಮಂಡಳಿಗೆ ಸೇರಿದ್ದು.

ಬರ್ಮಿಂಗ್‌ಹ್ಯಾಮ್ ಕಲಿಸೋ ಪಾಠ

ಮೀಟಿಂಗ್ ಮತ್ತು ಸಂಗೀತವನ್ನ ಮೊದಲೇ ಯೋಚಿಸಿ ಒಟ್ಟಿಗೆ ಕಟ್ಟಿದ ಊರು ಇದೆಯಾ? ಇದೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಕಾರ್ಖಾನೆಗಳ ಊರು. ಅಲ್ಲಿನ ಟೌನ್ ಹಾಲ್ 1834ರದ್ದು. ಅಲ್ಲಿನ ಸಂಗೀತ ಉತ್ಸವದ ದುಡ್ಡು ಊರಿನ ಆಸ್ಪತ್ರೆಗೆ ಹೋಗ್ತಿತ್ತು. ಮೆಂಡೆಲ್‌ಸನ್ ಅವರ 'ಎಲೈಜಾ' ಮೊದಲ ಸಲ ಕೇಳಿಬಂದಿದ್ದು ಅಲ್ಲೇ, 1846ರಲ್ಲಿ. ಇಪ್ಪತ್ತನೇ ಶತಮಾನದ ಕೊನೆಗೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ, ಸಮ್ಮೇಳನಗಳನ್ನ ಕರೆದ್ರೆ ಊರಿಗೆ ದುಡ್ಡು ಬರುತ್ತೆ ಅಂತ ನಗರಸಭೆ ಯೋಚಿಸ್ತು. 1991ರಲ್ಲಿ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಕೇಂದ್ರ ತೆರೀತು. ಅದರ ಒಳಗೇ ಸಿಂಫನಿ ಹಾಲ್, ಎರಡು ಸಾವಿರಕ್ಕೂ ಹೆಚ್ಚು ಸೀಟು, ಯುರೋಪಿನಲ್ಲೇ ಹೆಸರು ಮಾಡಿದ ಧ್ವನಿ ವ್ಯವಸ್ಥೆ. ಸಮ್ಮೇಳನಕ್ಕೆ ಬೇರೆ ಕೋಣೆಗಳು, ಸಂಗೀತಕ್ಕೆ ಅದರದೇ ಹಾಲ್, ಬಾಗಿಲು ಮಾತ್ರ ಆಗ ಒಂದೇ ಇತ್ತು. 1998ರ ಜಿ-8 ನಾಯಕರ ಸಭೆಯೂ ಆ ಊರಲ್ಲೇ ಆಯ್ತು.

ಬುದ್ಧಿವಂತ ಯೋಜನೆ. ಆದ್ರೂ 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರಸಭೆ ತನ್ನ ಕೈಯಲ್ಲಿ ದುಡ್ಡಿಲ್ಲ ಅಂತ ಕಾನೂನಿನ ಪ್ರಕಾರ ಘೋಷಿಸಬೇಕಾಯ್ತು. ಅದಕ್ಕೆ ಕಾರಣ ಬೇರೆ: ಮಹಿಳಾ ನೌಕರರಿಗೆ ಬಾಕಿ ಇದ್ದ ಸಮಾನ ವೇತನದ ಮೊತ್ತ, ಕೈಕೊಟ್ಟ ಕಂಪ್ಯೂಟರ್ ವ್ಯವಸ್ಥೆ ಇತ್ಯಾದಿ. ಆದ್ರೆ ಕತ್ತರಿ ಬಿದ್ದಿದ್ದು ಕಲೆಗೂ. ದೊಡ್ಡ ಕಲಾಸಂಸ್ಥೆಗಳ ಅನುದಾನವನ್ನ ಮೊದಲ ವರ್ಷ ಅರ್ಧ ಮಾಡಿ, ಮರುವರ್ಷ ಪೂರ್ತಿ ನಿಲ್ಲಿಸೋದು ಅಂತ 2024ರಲ್ಲಿ ತೀರ್ಮಾನ ಆಯ್ತು. ಸರ್ಕಾರದ ಕೈ ಹಿಂದೆ ಸರಿದಷ್ಟೂ ಹಾಲ್ ನಡೆಸೋರು ಬಾಡಿಗೆಯ ಕಡೆ ವಾಲಲೇಬೇಕು. ಇದು ಎಲ್ಲ ಊರಿಗೂ ಅನ್ವಯಿಸೋ ಮಾತು.

ಬೇಡ ಅನ್ನೋ ಹಾಲ್

ಇದರ ಇನ್ನೊಂದು ತುದಿ ನಮ್ಮ ಬೆಂಗಳೂರಲ್ಲೇ ಇದೆ. ಶಂಕರ್ ನಾಗ್ 1990ರಲ್ಲಿ ತೀರಿಕೊಂಡ್ರು. ಅವರ ಕನಸನ್ನ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ, ದೇಣಿಗೆ ಸೇರಿಸಿ ಕಟ್ಟಿದ್ದು ಜೆ.ಪಿ. ನಗರದ ರಂಗಶಂಕರ. 2004ರಲ್ಲಿ ಶುರುವಾಯ್ತು. ಅಲ್ಲಿನ ನಿಯಮ ಚಿಕ್ಕದು: ಇದು ನಾಟಕದ ಮನೆ. ಸೋಮವಾರ ಬಿಟ್ಟು ದಿನಾ ನಾಟಕ. ತಡವಾಗಿ ಬಂದ್ರೆ ಯಾರಿಗೂ ಒಳಗೆ ಪ್ರವೇಶ ಇಲ್ಲ. ಇಲ್ಲೂ ಉದ್ಯಮದ ದುಡ್ಡು ಬಂದಿದೆ, ದೇಣಿಗೆಯಾಗಿ, ಪ್ರಾಯೋಜಕತ್ವವಾಗಿ. ಆದ್ರೆ ಆ ದುಡ್ಡು ಶನಿವಾರದ ಸಂಜೆಯನ್ನ ಕೊಳ್ಳೋಕಾಗಲ್ಲ.

ಎಲ್ಲ ಹಾಲ್‌ಗಳೂ ಹೀಗಿರೋಕಾಗಲ್ಲ, ಇರಬೇಕು ಅಂತಾನೂ ಇಲ್ಲ. ಸಾವಿರ ಸೀಟಿನ ಭವನಕ್ಕೆ ದಿನಾ ನಾಟಕದ ಪ್ರೇಕ್ಷಕರು ಎಲ್ಲಿಂದ ಬರ್ಬೇಕು? ಆದ್ರೆ ರಂಗಶಂಕರದಿಂದ ಒಂದು ವಿಷಯ ಕಲೀಬಹುದು. ನಿಯಮ ಮೊದಲೇ ಬರೆದಿಟ್ರೆ ಜಗಳ ಕಮ್ಮಿ.

ನನ್ನ ಬೇಡಿಕೆ ಇಷ್ಟೇ. ಸಾರ್ವಜನಿಕರ ದುಡ್ಡಲ್ಲಿ, ದೇಣಿಗೆಯಲ್ಲಿ, ಸರ್ಕಾರಿ ಜಾಗದಲ್ಲಿ ಎದ್ದ ಪ್ರತಿಯೊಂದು ಕಲಾಮಂದಿರವೂ ವರ್ಷದ ಇಂತಿಷ್ಟು ವಾರಾಂತ್ಯದ ಸಂಜೆ ಕಲೆಗೇ ಅಂತ ಮೊದಲೇ ಎತ್ತಿಡಲಿ. ಯಾವ ದಿನ ಖಾಲಿ, ಯಾವ ದಿನ ಯಾರಿಗೆ ಅನ್ನೋ ಪಟ್ಟಿ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣಲಿ. ಉಳಿದ ದಿನ ಕಂಪನಿಗಳಿಗೆ ಧಾರಾಳವಾಗಿ ಕೊಡಲಿ, ಮಾರುಕಟ್ಟೆ ದರದಲ್ಲೇ ಕೊಡಲಿ, ಆ ಹಣದಲ್ಲಿ ಒಂದು ಪಾಲು ಸಣ್ಣ ತಂಡಗಳ ಬಾಡಿಗೆ ಇಳಿಸೋಕೆ ಹೋಗಲಿ. ಒಮ್ಮೆ ಕೊಟ್ಟ ದಿನಾಂಕವನ್ನ, ತುರ್ತು ಪರಿಸ್ಥಿತಿ ಬಿಟ್ಟು, ಕಿತ್ಕೊಳ್ಳೋದು ಬೇಡ.

ನಿಮ್ಮ ಕೈಲೂ ಒಂದು ಕೆಲಸ ಇದೆ. ನಿಮ್ಮ ಆಫೀಸಲ್ಲಿ ಎಚ್‌ಆರ್ ಟೀಮಿನವರು ಆನ್ಯುಯಲ್ ಡೇಗೆ ಜಾಗ ಹುಡುಕ್ತಿದ್ರೆ ಒಂದು ಮಾತು ಹೇಳಿ: ಗುರುವಾರ ಮಾಡಿ. ನಿಮಗೂ ವಾರಾಂತ್ಯ ಉಳಿಯುತ್ತೆ. ಆ ಶನಿವಾರ ನಮ್ಮ ನಾಟಕಕ್ಕೆ ಬನ್ನಿ, ಟಿಕೆಟ್ ತಗೊಂಡು. ಚೌಡಯ್ಯ ಭವನಕ್ಕೆ ಆಫೀಸ್ ಬಸ್ಸಲ್ಲೇ ಹೋಗಿ ಬಂದಿದ್ರೆ, ಒಂದು ಸಲ ಕಚೇರಿ ಕೇಳೋಕೂ ಹೋಗಿ ಬನ್ನಿ. ಅಜ್ಜಿ ಇದ್ರೆ ಅವರನ್ನೂ ಕರ್ಕೊಂಡು ಹೋಗಿ.

ನಿಮ್ಮ ಊರಿನ ಹಾಲ್‌ನ ಕಥೆ ಇದ್ರೆ, ಹುಬ್ಬಳ್ಳಿಯದ್ದಾಗಲಿ ಮಂಗಳೂರಿನದ್ದಾಗಲಿ ಕಲಬುರಗಿಯದ್ದಾಗಲಿ, ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.